ಅಧ್ಯಕ್ಷೆಗೆ ನಾನು ಬರೆದುಕೊಟ್ಟ ಪ್ರಶ್ನೆಗಳು

ಇಪ್ಪತ್ತು ವರ್ಷ ಪೌರನೀತಿ ಪಾಠ ಮಾಡಿದವನು ನಾನು. ಅದನ್ನು ಆಚರಿಸುವ ಪ್ರಸಂಗ ಬಂದರೆ ಮಾತ್ರ ಮೆಲ್ಲಗೆ ಹಿಂದಿನ ಬೆಂಚಿಗೆ ಸರಿಯುತ್ತೇನೆ. 'ಪ್ರಜೆಯ ಮುಖ್ಯ ಕರ್ತವ್ಯಗಳು ಐದು' ಎಂದು ನಾನು ಬರೆಸುವುದು, ಮಕ್ಕಳು ಪರೀಕ್ಷೆಯಲ್ಲಿ ನಾಲ್ಕು ಬರೆಯುವುದು, ನಾನೊಂದು ಅಂಕ ಕಳೆಯುವುದು, ಹೀಗೇ ದೇಶ ಸುಖವಾಗಿ ನಡೆದಿತ್ತು. ಅಷ್ಟರಲ್ಲಿ ಕುಂದಾಪುರದ ತರಬೇತಿಯಲ್ಲಿ ಯಾರೋ, ಕಾಲ ಬದಲಾಗಿದೆ, ಮಕ್ಕಳಿಗೆ ಲೋಕವೆಲ್ಲ ಮೊಬೈಲಿನಲ್ಲೇ ಸಿಗುತ್ತದೆ, ಇನ್ನು ಪೌರನೀತಿಯನ್ನು ಮಾಡಿ ತೋರಿಸಿ ಎಂದರು. ಊಟಕ್ಕೆ ಪಾಯಸವಿದ್ದ ಖುಷಿಯಲ್ಲಿ ನಾನೂ ಜೋರಾಗಿ ಚಪ್ಪಾಳೆ ತಟ್ಟಿ ಬಂದೆ.

ಮಾಡಿ ತೋರಿಸಲು ಸಿಕ್ಕಿದ್ದು ಮಕ್ಕಳ ಗ್ರಾಮಸಭೆ. ಅಲ್ಲಿ ಶಾಲೆಯ ಮಕ್ಕಳು ಪಂಚಾಯಿತಿ ಅಧ್ಯಕ್ಷರನ್ನು ನೇರವಾಗಿ ಪ್ರಶ್ನೆ ಕೇಳಬಹುದು. ತೊಂದರೆಯೆಂದರೆ, ನಮ್ಮ ಪಂಚಾಯಿತಿಯ ಅಧ್ಯಕ್ಷೆ ನನ್ನ ಹೆಂಡತಿ ಜಲಜ. ಹಿಂದಿನ ದಿನ ಬಂಗುಡೆ ಹುರಿಯುತ್ತಲೇ ಆಕೆ ಎಚ್ಚರಿಸಿದಳು: "ಹ್ವಾಯ್, ಕಾಲುಸಂಕದ ಸುದ್ದಿ ಯಾರೂ ಎತ್ತುದ್ ಬ್ಯಾಡ. ಎತ್ರೆ ನಾಳೆಯಿಂದ ನಿಮ್ಗೆ ಬರೀ ಗಂಜಿ." ಆ ಸಂಕವೆಂದರೆ ಹಳ್ಳದ ಮೇಲಿನ ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಹಗ್ಗ. ಆಚೆ ಕಡೆಯ ಹನ್ನೊಂದು ಮಕ್ಕಳು ಅದರ ಮೇಲೇ ಶಾಲೆಗೆ ಬರಬೇಕು, ನೀರೇರಿದರೆ ಮನೆಯಲ್ಲೇ ಕೂರಬೇಕು. ಹಾಜರಿ ಕರೆಯುವ ನನಗೆ ಅದು ಗೊತ್ತಿಲ್ಲವೆ? ಆದರೂ ಬಂಗುಡೆಯ ಪರಿಮಳಕ್ಕೆ ಸೋತು ಚೀಟಿ ಬರೆದು ಹಂಚಿದೆ: 'ಗಿಡ ನೆಡುವುದು ಯಾವಾಗ?' 'ಗ್ರಂಥಾಲಯಕ್ಕೊಂದು ಗಡಿಯಾರ ಬೇಡವೆ?'

ಸಭೆಯಲ್ಲಿ ಎಂಟನೆಯ ತರಗತಿಯ ಸುಮನಾ ಮೈಕು ಹಿಡಿದಳು. "ಗಡಿಯಾರ ಬೇಕ್ ಅಂದೇಳಿ ಸರ್ ಬರ್ದ್ ಕೊಟ್ಟಿರ್. ನಂಗ್ ಗಡಿಯಾರ ಬ್ಯಾಡ, ಸಂಕ ಬೇಕ್. ಯಾವಾಗ ಕಟ್ಟಿಸ್ತ್ರಿ?" ಉಳಿದವರೂ ನನ್ನ ಚೀಟಿಗಳನ್ನು ಎತ್ತಿ ತೋರಿಸಿ ಕೇಕೆ ಹಾಕಿದರು. ನಾನು ಬ್ಯಾನರಿನ ಹಿಂದೆ ಸರಿಯಲು ನೋಡಿದೆ, ಬ್ಯಾನರು ಸಾಲಲಿಲ್ಲ. ನಾಚಿಕೆಯಾಯಿತು, ನಿಜ. ಆದರೆ ಇಷ್ಟು ಚೆಂದದ ಪ್ರಶ್ನೆ ನನ್ನ ತರಗತಿಯದೆಂಬ ಹೆಮ್ಮೆಯಿಂದ ಕುಣಿಯಬೇಕೆಂದೂ ಅನಿಸಿತು.

ಜಲಜ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮಕ್ಕಳತ್ತ ತಿರುಗಿದಳು. "ಮುಂದ್ ಬಪ್ಪ ಮಳೆಗಾಲದೊಳ್ಗೆ ಕಟ್ಟಿಸ್ತೆ, ಬರ್ಕಣಿ. ಅಲ್ಲಿವರೆಗೆ ಚೀಟಿ ಬರ್ದ ಮೇಷ್ಟ್ರೇ ದಿನಾ ನಿಮ್ಮನ್ನ ಕೈ ಹಿಡ್ದ್ ದಾಟಿಸ್ಲಿ!" ನಿರ್ಣಯಕ್ಕೆ ಇಡೀ ಸಭೆ ಕೈ ಎತ್ತಿತು.

ಮರುದಿನ ಬೆಳಿಗ್ಗೆ ಹೋದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ಸಂಕಕ್ಕೆ ಕಾಲಿಟ್ಟವನಲ್ಲ. ನಡುವಿಗೆ ಬಂದವನು ಹಗ್ಗ ತಬ್ಬಿಕೊಂಡು ಅಲ್ಲೇ ನಿಂತುಬಿಟ್ಟೆ. ಆ ಕಡೆಯಿಂದ ಸುಮನಾ ಓಡಿ ಬಂದು ಕೈ ಹಿಡಿದಳು. "ಸರ್, ಕೆಳ್ಗ್ ಕಾಂಬ್ಕಾಗ. ನನ್ನ ಮುಖ ಕಾಣಿ. ಹ್ಞಾಂ, ಬನ್ನಿ." ಒಂದು ವಾರದಿಂದ ದಿನವೂ ಹನ್ನೊಂದು ಮಕ್ಕಳು ಸೇರಿ ನನ್ನನ್ನು ಜೋಪಾನವಾಗಿ ದಾಟಿಸುತ್ತಿದ್ದಾರೆ. ಸಂಕದ ಕೆಲಸ ಕೂಡಲೇ ಶುರುವಾಗಲಿ ಎಂದು ನಾನೂ ಒಂದು ಅರ್ಜಿ ಬರೆದಿದ್ದೇನೆ. ಮನೆಯಲ್ಲೇ ಇರುವ ಅಧ್ಯಕ್ಷೆಗೆ ಕೊಡುವ ಧೈರ್ಯ ಬರಲಿಲ್ಲ, ಸುಮನಾಳ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ.