ಭಾವನ ಭಾಷೆಗೆ ಒಬ್ಬ ಗಿರಾಕಿ

ನಮ್ಮ ಭಾವನಿಗೆ ಹುಚ್ಚು ಹಿಡಿದಿದೆ ಎಂದು ಕೊಟ್ಟೂರಿನಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು ಬಂತು! ಕಾಲೇಜಿನಲ್ಲಿ ಗಣಿತ ಪಾಠ ಮಾಡಿಕೊಂಡು ಸುಮ್ಮನಿರಬೇಕಾದ ಮನುಷ್ಯ, ಕಂಪ್ಯೂಟರಿಗೆ ಹೊಸ ಭಾಷೆ ಕಟ್ಟುತ್ತಾ ಕೂತಿದ್ದಾರೆ. ಇರುವ ಭಾಷೆಗಳೇನು ಕಡಿಮೆಯೇ?

"ಬೇಕಾದಷ್ಟು ಅದಾವ. ಮಾತಿಗೆ ನಿಲ್ಲಂಗಿಲ್ಲ" ಎನ್ನುತ್ತಾರೆ. ಅವರ ಭಾಷೆಯಲ್ಲಿ ಒಂದು ಹೆಸರಿಗೆ ಒಮ್ಮೆ ಇಷ್ಟು ಎಂದು ಬೆಲೆ ಕೊಟ್ಟರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು. ಈ ನಿಯಮ ಕಂಪ್ಯೂಟರಿನೊಳಗೇ ಇದ್ದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು! ಒಮ್ಮೆ ಹಗರಿಬೊಮ್ಮನಹಳ್ಳಿ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ಹೇಳಿದರು.

"ಖಾಲಿ ಆಗ್ಯಾವ್ರಿ, ದ್ವಾಸಿ ಕೊಡ್ಲೇನ್ರಿ?"

"ಇಡ್ಲಿ ಅಂದಮ್ಯಾಲ ಇಡ್ಲಿ!"

ಹೊಸ ಇಡ್ಲಿ ಬೆಂದು ಬರುವಷ್ಟರಲ್ಲಿ ರೈಲು ಹೋಗಿತ್ತು.

ಭಾಷೆಯಾದರೂ ಇನ್ನೂ ಎಳೆಗೂಸು. ಕೂಡಿಸುತ್ತದೆ, ಭಾಗಿಸು ಎಂದರೆ ಮುನಿಸಿಕೊಳ್ಳುತ್ತದೆ. ಅಂಥದ್ದನ್ನು ಯಾರು ಬೇಕಾದರೂ ತಗೊಳ್ಳಲಿ, ತಿದ್ದಲಿ ಎಂದು ಇಂಟರ್ನೆಟ್ಟಿಗೆ ಪುಕ್ಕಟೆ ಹಾಕಿದ್ದಾರೆ. ಪಕ್ಕದ ಮನೆಯ ಯಜಮಾನರಿಗೆ ತಲೆಕೆಟ್ಟಿತು.

"ಪುಕ್ಕಟ ಕೊಟ್ರ ನಿಮಗೇನ್ ಸಿಗ್ತೈತ್ರಿ ಮೇಷ್ಟ್ರ?"

"ಜನ ತಪ್ಪು ಹುಡುಕಿ ಕೊಡ್ತಾರ್ರಿ."

"ಅದಕ್ಯಾಕ ಇಂಟರ್ನೆಟ್ಟು? ನಮ್ಮ ಓಣ್ಯಾಗ ಒಂದ್ಸಲ ಅಡ್ಡಾಡಿ ಬರ್ರಿ!"

ಆದರೆ ವರ್ಷ ಕಳೆದರೂ ಒಬ್ಬನೂ ಅದನ್ನು ಮುಟ್ಟಿ ನೋಡಲಿಲ್ಲ. ಭಾವ ಹಟ ಬಿಡಲಿಲ್ಲ. ಬೆಳಗಾದರೆ ಲ್ಯಾಪ್‌ಟಾಪ್ ಮುಂದೆ ಹಾಜರು! ಒಮ್ಮೆ ಮಾತ್ರ ಮೆಲ್ಲಗೆ ನನ್ನ ಹತ್ತಿರ ಅಂದಿದ್ದರು: "ಒಬ್ಬರರ ಬಳಸಬೇಕೋ ತಮ್ಮಾ. ಇಲ್ಲಾಂದ್ರ ಅದು ಭಾಷಿ ಅಲ್ಲ, ನನ್ನ ಗೊಣಗಾಟ."

ಮೊನ್ನೆ ಭಾನುವಾರ ಪೇಡೆ ಡಬ್ಬಿ ಹಿಡಿದು ಕುಣಿಯುತ್ತಾ ಬಂದರು. ಇಂಟರ್ನೆಟ್ಟಿನಲ್ಲಿ ಯಾರೋ ದೂರು ಬರೆದಿದ್ದಾರಂತೆ, ಭಾಷೆ ತಪ್ಪು ಲೆಕ್ಕ ಕೊಡುತ್ತದೆ ಅಂತ!

"ಬೈದಿದ್ದಕ್ಕ ಪೇಡೇನಾ ಭಾವ?"

"ಬೈಬೇಕಂದ್ರ ಬಳಸಿರಬೇಕಲ್ಲಲೇ!"

ದೂರನ್ನು ಗಟ್ಟಿಯಾಗಿ ಓದಿದರು. "ತೋಳು ಉದ್ದ ಮಾಡಿದರೂ ಬೇಕಾದ ಬಟ್ಟೆ ಅಷ್ಟೇ ತೋರಿಸುತ್ತಿದೆ." ಓದಿ ಮುಗಿಸಿ ಅಂದರು: "ಹೆಸರು ಹಾಕಿಲ್ಲ. ಯಾವ ಊರವರೋ ಏನೋ!"

ಪಡಸಾಲೆಯಲ್ಲಿ ಗಿರಾಕಿಯ ಬ್ಲೌಸ್ ಹೊಲಿಯುತ್ತಿದ್ದ ನಮ್ಮಕ್ಕ ತಲೆ ಎತ್ತಲಿಲ್ಲ. "ಯಾರರ ಇರ್ಲಿ ಬಿಡ್ರಿ. ಲಗೂ ಸರಿ ಮಾಡ್ರಿ. ನಾಳಿಗೆ ಇದನ್ನ ಕೊಡಬೇಕು."

ಭಾವ ನಿಂತಲ್ಲೇ ನಿಂತರು. ಆಮೇಲೆ ಹೋಗಿ ಹೊಲಿಗೆ ಮಷೀನಿನ ಪಕ್ಕ ನೆಲದ ಮೇಲೆ ಕೂತರು.

"ಯಾವಾಗ ಕಲ್ತಿ?"

"ದಿನಾ ಉಣ್ಣಾಕ ಕುಂತಾಗ ಹೇಳ್ತಿದ್ರಲ್ಲ" ಅಂದಳು ಅಕ್ಕ. "ನಾ ಕೇಳಿಸ್ಕೊಂತಿದ್ದೆ."