ಬೀಡಿ ಬಿಟ್ಟ ಸೋಮವಾರ

ಎರಡು ವರ್ಷದಿಂದ ಡಾಕ್ಟರು ಬಾಯಿ ಬಡಕೊಂಡರೂ ಬೀಡಿ ಬಿಡದ ಗುಮಾಸ್ತ ಮೈಲಾರಲಿಂಗಪ್ಪ, ದಿಲ್ಲಿಯವರು ತಂಬಾಕಿನ ಮೇಲೆ ತೆರಿಗೆ ಏರಿಸಿದ್ದನ್ನು ಪತ್ರಿಕೆಯಲ್ಲಿ ಓದಿದ್ದೇ ತಡ, ಬಿಟ್ಟೇಬಿಟ್ಟ. ಎದೆ ಕೂಗಿದ್ದು ಕೇಳದವನಿಗೆ ಕಿಸೆ ಪಿಸುಗುಟ್ಟಿದ್ದು ಕೇಳಿಸಿತು, ಏನು ಮಾಡೋಣ!

ಅವನಿಗೆ ಇನ್ನೊಂದು ಆಸೆಯೂ ಇತ್ತೆನ್ನಿ. ಧಾರವಾಡದ ಅವರ ಓಣಿಯ ಮಠದಲ್ಲಿ ಸೋಮವಾರ ಸಂಜೆ ಭಜನೆ. ಒಂದು ಕಾಲಕ್ಕೆ ಮೊದಲ ಹಾಡು ಅವನದೇ. ಕೆಮ್ಮು ಹತ್ತಿದ ಮೇಲೆ ಪಲ್ಲವಿ ಮುಗಿಯುವುದರೊಳಗೆ ಮೂರು ಸಲ ಖೊಕ್ ಖೊಕ್. ಭಜನೆ ನಡೆಸುವ ಕಾಳಿನ ವ್ಯಾಪಾರಿ ನೀಲಕಂಠಪ್ಪ ಅವನನ್ನು ಹಿಂದಿನ ಸಾಲಿಗೆ ಸರಿಸಿ, "ಬೀಡಿ ವಾಸನಿ ಇಲ್ಲದ ದಿನ ಮುಂದ ಬಂದು ಕೂಡ್ರಪಾ" ಎಂದಿದ್ದ. ಆ ಮಾತು ವರ್ಷದಿಂದ ಅವನನ್ನು ಕೊರೆಯುತ್ತಿತ್ತು. ಇವತ್ತು ಸೋಮವಾರವೇ.

ಕೂಡಿಸಿಟ್ಟಿದ್ದ ಎಂಟು ಕಟ್ಟು ಬೀಡಿಯನ್ನು ಹೆಂಡತಿ ಸಂಗವ್ವನ ಮುಂದೆ ಒಗೆದ.

"ಇವನ್ನ ಏನರೆ ಮಾಡು. ಸಂಜೀಕ ನಾ ಬರೂದ್ರಾಗ ಒಂದೂ ನನ್ನ ಕಣ್ಣಿಗೆ ಬೀಳಬಾರದು."

ಸಂಗವ್ವ ತಂಬಾಕು ಹುರಿದು ಮಾಡಿದ ಕರಿ ಮಶೇರಿಯನ್ನು ಹಲ್ಲಿಗೆ ತಿಕ್ಕುತ್ತ ಕೂತಿದ್ದಳು. ಓಣಿಯ ಹೆಂಗಸರೆಲ್ಲ ತಿಕ್ಕುವವರೇ. ಅದನ್ನು ಯಾರೂ ಚಟವೆನ್ನುತ್ತಿರಲಿಲ್ಲ, ಹಲ್ಲಿನ ಔಷಧ ಎನ್ನುತ್ತಿದ್ದರು. ಬಾಯಿ ತೆರೆಯುವಂತಿಲ್ಲದ್ದರಿಂದ ಆಕೆ ತಲೆಯಾಡಿಸಿ ಕಟ್ಟುಗಳನ್ನು ಉಡಿಗೆ ಹಾಕಿಕೊಂಡಳು.

ಕಚೇರಿಯ ದಾರಿಯಲ್ಲಿ ಮಕಬೂಲಸಾಬನ ಬೀಡಿ ಅಂಗಡಿ. ಬೀಡಿ ಹೊತ್ತಿಸಲು ಇಳಿಬಿಟ್ಟ ಹಗ್ಗದ ತುದಿ ಕೆಂಪಗೆ ಕಣ್ಣು ಹೊಡೆಯುತ್ತಿತ್ತು. ಮೈಲಾರಲಿಂಗಪ್ಪ ಎರಡು ಓಣಿ ಸುತ್ತು ಹಾಕಿ ಹೋದ, ತಡವಾಗಿ ಬೈಸಿಕೊಂಡ.

ಹೆಡ್ ಕ್ಲಾರ್ಕ್ ಮಹಾದೇವಪ್ಪನಿಗೆ ಸುದ್ದಿ ಕೇಳಿ ಎದೆ ಒಡೆಯಿತು.

"ಬಿಟ್ರಿ? ನನ್ನ ಒಂದು ಮಾತು ಕೇಳಬಾರದೇನ್ರಿ? ಹತ್ತು ವರ್ಷದಿಂದ ನಿಮ್ಮ ಬೀಡಿ ನಂಬಿಕೊಂಡು ಕೂತೇನಿ ನಾ!"

ಪಕ್ಕದ ಮೇಜಿನವರು ಯಾಲಕ್ಕಿ ಅಗಿಯಲು ಹೇಳಿದರು, ಆಚೆಯವರು ಪುಟಾಣಿ ಕಡಲೆ ಎಂದರು. ಎರಡನ್ನೂ ತಿಂದು ಬಿಕ್ಕಳಿಕೆ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಬೀಡಿಯ ಗುಂಗಿನಲ್ಲಿ, ಬರೆಯುವ ಟಾಂಕನ್ನು ಮಸಿಯ ಬದಲು ಚಹಾದ ಗ್ಲಾಸಿನಲ್ಲಿ ಅದ್ದಿ ಮುಗದ ಊರಿನಿಂದ ಬಂದ ಕಾಗದಕ್ಕೆ ಮೂರು ಸಾಲು ಉತ್ತರ ಬರೆದ. ಅಕ್ಷರ ಮೂಡದಿದ್ದಾಗಲೇ ಗೊತ್ತಾದದ್ದು. ಮೂರು ಗಂಟೆಗೆ ಮಹಾದೇವಪ್ಪ ಜನ್ಮದಲ್ಲಿ ಮೊದಲ ಸಲ ಸ್ವಂತ ದುಡ್ಡಿನ ಬೀಡಿ ತಂದು, ಹೊತ್ತಿಸಿ, ಅವನ ಮೂಗಿನ ಮುಂದೆ ಹಿಡಿದ.

"ಒಂದ ಝುರಕಿ ಎಳೀರಿ. ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಲ್ರಿ" ಎಂದ ಮೈಲಾರಲಿಂಗಪ್ಪ. ಹಾಗೆಂದಾಗ ಅವನಿಗೇ ಅಳು ಬರುವಷ್ಟು ಹೆಮ್ಮೆಯಾಯಿತು. ಮನೆಗೆ ಹೊರಟಾಗ ದಾರಿಯುದ್ದಕ್ಕೂ ಪಲ್ಲವಿಯನ್ನು ಗುನುಗಿದ. ಒಂದು ಸಲವೂ ಕೆಮ್ಮು ಬರಲಿಲ್ಲ.

ಓಣಿಯ ತಿರುವಿನಲ್ಲೇ ಘಾಟು ಮೂಗಿಗೆ ಬಡಿಯಿತು. ತನ್ನ ಮನೆಯ ಹೆಂಚಿನ ಸಂದಿನಿಂದ ಹೊಗೆ ಏಳುತ್ತಿದೆ! ಬೆಂಕಿ ಬಿತ್ತೆಂದು ಒಳಗೆ ನುಗ್ಗಿದ. ಒಲೆಯ ಸುತ್ತ ಸಂಗವ್ವ, ನೆರೆಮನೆಯ ಕಾಳವ್ವ, ಬೀರವ್ವ. ರೊಟ್ಟಿಯ ಹಂಚಿನ ಮೇಲೆ ಅವನ ಎಂಟೂ ಕಟ್ಟು ಬೀಡಿಯ ತಂಬಾಕು ಬಿಚ್ಚಿಕೊಂಡು ಹುರಿಯುತ್ತಿದೆ.

"ಹೊರಗ ನಿಂದರ್ರಿ, ಘಾಟೈತಿ! ಮಶೇರಿ ತಂಬಾಕೂ ತುಟ್ಟಿ ಆಗೇತಂತ. ನೀವ ಅಂದ್ರೆಲ್ಲಾ, ಏನರೆ ಮಾಡು ಅಂತ? ಮೂರೂ ಮನಿಗೆ ಆತು ನೋಡ್ರಿ."

ಉತ್ತರ ಕೊಡಲು ಬಾಯಿ ತೆರೆದವನ ಗಂಟಲಿಗೆ ಹೊಗೆ ಇಳಿಯಿತು. ಕೆಮ್ಮಿ ಕೆಮ್ಮಿ ಕಣ್ಣೀರು ಬಂತು. ಭಜನೆಗೆಂದು ಒಗೆದು ಅದೇ ಅಡಿಗೆಮನೆಯ ಹಗ್ಗಕ್ಕೆ ಹಾಕಿದ್ದ ಧೋತರ, ಅಂಗಿ ಹೊಗೆ ಕುಡಿದು ಕೂತಿದ್ದವು. ಮಠದ ಗಂಟೆ ಬಾರಿಸಿತು. ಮೈಮೇಲಿನ ಕಚೇರಿ ಅಂಗಿಗೂ ಘಾಟು ಹತ್ತಿತ್ತು, ಬೇರೆ ಅಂಗಿ ಇರಲಿಲ್ಲ. ಅದನ್ನೇ ತೊಟ್ಟು ಓಡಿದ.

ನೇರ ಮುಂದಿನ ಸಾಲಿಗೆ ಹೋಗಿ ಕೂತು ದನಿ ಎತ್ತಿದ. ಎಣ್ಣೆ ಕಾಣದ ಚಕ್ಕಡಿಯ ಗಾಲಿಯಂತೆ ಕಿರ್ರೆಂದಿತು. ನೀಲಕಂಠಪ್ಪ ಬಗ್ಗಿ ಅವನ ಅಂಗಿ ಮೂಸಿದ.

"ಸಾವಕಾರ್ರ, ಇವತ್ತ ಒಂದೂ ಸೇದಿಲ್ರಿ! ಶಿವನಾಣಿ!"

ಮಂದಿ ಘೊಳ್ಳೆಂದು ನಕ್ಕರು. ನೀಲಕಂಠಪ್ಪನೂ ನಕ್ಕ.

"ಇಷ್ಟು ತುಟ್ಟಿ ಆದ್ರೂ ಬಿಡವಲ್ಲೆಲ್ಲೋ! ಇದರ ಅರ್ಧ ಭಕ್ತಿ ಶಿವನ ಮ್ಯಾಲ ಇದ್ದಿದ್ರ ಇಷ್ಟೊತ್ತಿಗೆ ನಿನಗ ಮುಕ್ತಿ ಸಿಗತಿತ್ತು. ಹಿಂದ ಸರಿ."

ಮೈಲಾರಲಿಂಗಪ್ಪ ಹಿಂದಿನ ಸಾಲಿಗೆ ಬಂದು ಗೋಡೆಗೆ ಒರಗಿದ. ಬದುಕಿನಲ್ಲಿ ಅವನು ಮಾಡಿದ ಖರೇ ಆಣೆ ಅದೊಂದೇ, ಅದನ್ನೂ ಯಾರೂ ನಂಬಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಭಜನೆಗೆ ಬಂದು ಪಕ್ಕದಲ್ಲಿ ಕೂತಿದ್ದ ಹೆಡ್ ಕ್ಲಾರ್ಕ್ ಮಹಾದೇವಪ್ಪ ಮೂಗರಳಿಸಿ, ಮೊಣಕೈಯಿಂದ ತಿವಿದು, ಕಿವಿಯಲ್ಲಿ ಉಸುರಿದ:

"ಮುಂಜಾನಿಂದ ನನ್ನ ಕಣ್ಣಿಗೆ ಮಣ್ಣು ಹಾಕಿದ್ರೆಲ್ಲಾ ಮಾರಾಯರ! ವಾಸನಿ ಬಾಳ ಛಲೋ ಐತಿ. ಒಂದಿದ್ರ ಕೊಡ್ರಿ."