ಫೋಟೋದಾಗಿನ ಬೆನ್ನು

ಐಗಳಿಯ ದುಂಡೇಶ ಮುಂಜಾನೆ ಚಹಾ ಬಾಯಿಗಿಡುವ ಮೊದಲೇ ಅವನ ಮೊಬೈಲಿಗೆ ದಂಡದ ನೋಟಿಸು ಬಂತು. ಅಥಣಿಯ ಕ್ಯಾಮೆರಾ ಹಿಂದಿನಿಂದ ತೆಗೆದ ಕಪ್ಪು-ಬಿಳುಪು ಫೋಟೋ: ಹೆಲ್ಮೆಟ್ ಇಲ್ಲದ ಗಂಡಸು, ಅವನ ಹಿಂದೆ ಸೆರಗು ಹೊದ್ದ ಹೆಂಗಸು. ಬೈಕಿನ ನಂಬರು ಮಾತ್ರ ದುಂಡೇಶನದೇ.

ಬಾಜೂ ಮನೆಯ ಶೈಲಾ ಫೋಟೋ ದೊಡ್ಡದು ಮಾಡಿ ಅವನ ಹೆಂಡತಿ ಗೌರಾಬಾಯಿಗೆ ತೋರಿಸಿಯೇಬಿಟ್ಟಳು. "ವೈನಿ, ಈಕಿ ಭಾಳ ದಪ್ಪ ಅದಾಳ ನೋಡ್ರಿ."

"ಯಾರ್ರಿ ಈಕಿ?" ಗೌರಾಬಾಯಿ ಒಲೆ ಆರಿಸಿ ಗಂಡನ ಕಡೆ ತಿರುಗಿದಳು.

"ಆ ಗಾಡಿ ಕುಡಚಿ ಮೀರಾಸಾಬಗ ಮಾರಿ ಮೂರು ವರ್ಷಾತು! ಮತ್ತ ಇಂಥಾ ದಪ್ಪ ಹೆಂಗಸಿನ ಜೋಡಿ ನಾ ಯಾಕ ಹೋಗ್ಲಿ?"

"ಮಾರಿದ್ರ ನೋಟಿಸು ನಿಮಗ್ಯಾಕ ಬರ್ತೈತಿ? ಸಂಜಿಕ ತಮ್ಮನ್ನ ಕರಸ್ತೀನಿ. ನಾ ತವರಿಗೆ ಹೊಂಟೆ."

ನಮ್ಮ ಕಡೆ ಗಾಡಿ ಮಾರಿದ ಮೇಲೆ ಹೆಸರು ಬದಲಿಸುವುದೆಂದರೆ ಎಂದೆಂದಿಗೂ ನಾಳಿನ ಕೆಲಸ. ಮಾರಿದವನು ಖಾಲಿ ಫಾರ್ಮಿಗೆ ಸಹಿ ಹಾಕುತ್ತಾನೆ, ಕೊಂಡವನು ಅದನ್ನು ಸೀಟಿನ ಕೆಳಗೆ ತುರುಕುತ್ತಾನೆ. ಅಲ್ಲಿಗೆ ಇಬ್ಬರಿಗೂ ಸಮಾಧಾನ.

ದುಂಡೇಶ ಠಾಣೆಗೆ ಓಡಿದ. "ಹೆಸರು ಯಾರದೋ ದಂಡ ಅವರದ. ಇಲ್ಲಾ, ಓಡಿಸಿದವನ್ನ ಕರ್ಕೊಂಡ ಬರ್ರಿ," ಎಂದರು ಪೊಲೀಸರು. ಅಲ್ಲಿಂದ ಕುಡಚಿಗೆ ಹೋದ.

"ಅದನ್ನ ಹ್ವಾದ ವರ್ಷನ ರಾಯಬಾಗ ಸಂತ್ಯಾಗ ಮಾರೀನ್ರಿ," ಎಂದ ಮೀರಾಸಾಬ.

"ಯಾರಿಗೆ?"

"ಹೆಸರು ಯಾರ್ ಕೇಳ್ತಾರ್ರಿ? ಮೀಸಿ ಇತ್ತು ಅವಗ. ನಿಮ್ಮ ಸಹಿ ಮಾಡಿದ ಕಾಗದಾನೂ ಕೊಟ್ಟೀನಿ, ಕಾಳಜಿ ಬಿಡ್ರಿ."

ರಾಯಬಾಗದಲ್ಲಿ ಮೀಸೆ ಇಲ್ಲದವನನ್ನು ಹುಡುಕುವುದೇ ಕಷ್ಟ. ಹೊಟ್ಟೆಗೆ ಹಿಟ್ಟಿಲ್ಲದೆ, ಮೈಯೆಲ್ಲ ಧೂಳಾಗಿ ಅವನು ಸಂಜೆ ಮನೆಗೆ ಬಂದ.

ಬಾಗಿಲ ಮುಂದೆ ಕೆಂಪು ಬೈಕು ನಿಂತಿತ್ತು. ಬಣ್ಣ ಬೇರೆ, ನಂಬರು ಅದೇ! ಕಟ್ಟೆಯ ಮೇಲೆ ಅಕ್ಕನನ್ನು ಒಯ್ಯಲು ಬಂದ ಮೈದುನ ಮಾಳಸಿದ್ದ ಮೀಸೆ ತೀಡುತ್ತ ಕೂತಿದ್ದ.

"ಸೀಟಿನ ತಳಗಿನ ಕಾಗದ ನಾ ಬಿಚ್ಚೇ ನೋಡಿಲ್ಲ ಮಾವ," ಎಂದು ಅವನು ಮೊಬೈಲು ಇಸಿದುಕೊಂಡ. "ತಾರೀಖ ನೋಡೀರೇನು? ಪಂಚಮಿ ಹಿಂದಿನ ದಿನ. ನೀವು ತೋಟದಾಗ ಇದ್ರಿ, ನಾ ಬಂದು ಅಕ್ಕನ್ನ ಕರ್ಕೊಂಡ ಹೋದ್ನಲ್ಲ!"

ದುಂಡೇಶನಿಗೆ ಹೋದ ಜೀವ ಬಂದಂತಾಯಿತು. "ಗೌರಾ, ಆ ಹೆಂಗಸು ನೀನ!"

ಗೌರಾಬಾಯಿ ಫೋಟೋ ನೋಡಿದಳು, ಗಂಡನನ್ನು ನೋಡಿದಳು. "ನನ್ನ ಬೆನ್ನು ನನಗ ಹೆಂಗ ಕಾಣಬೇಕು? ಇಪ್ಪತ್ತು ವರ್ಷ ಬಾಳೇವು ಮಾಡಿದ ನಿಮಗ ಗುರ್ತ ಹತ್ತಲಿಲ್ಲ. ಮ್ಯಾಲ ದಪ್ಪ ಅಂತೀರಿ! ನಡಿಯೋ ತಮ್ಮಾ."

ಅಕ್ಕ ತಮ್ಮ ಇಬ್ಬರೂ ಬರಿದಲೆಯಲ್ಲಿ ಗಾಡಿ ಹತ್ತಿ ಅಥಣಿ ದಾರಿ ಹಿಡಿದರು. ದುಂಡೇಶ ಹೆಲ್ಮೆಟ್ ಹಿಡಿದು ಬೊಬ್ಬೆ ಹೊಡೆಯುತ್ತ ಹಿಂದೆ ಓಡಿದ.

"ಏನ ಅಂದ್ರೂ ಹೆಂಡ್ತಿ ಮ್ಯಾಲ ಭಾಳ ಜೀವ ಐತಿ," ಎಂದು ಶೈಲಾ ಕಣ್ಣೊರೆಸಿಕೊಂಡಳು.